ಎರೆಹೊಲದಿಂದ ಮಲ್ಪೆಯ ಮುಗಿಲಿಗೆ

ಕುಂದಗೋಳ ತಾಲ್ಲೂಕಿನ ಸಂಶಿಯಲ್ಲಿ ನಿಂತರೆ ಕಣ್ಣು ಹಾಯುವವರೆಗೂ ಎರೆಹೊಲ. ಹತ್ತಿ, ಮೆಣಸಿನಕಾಯಿ, ನಡುವೆ ಹುಬ್ಬಳ್ಳಿ-ಬೆಂಗಳೂರು ರೈಲು ದಾರಿ. ಇಲ್ಲಿನ ಮಕ್ಕಳು ಕಡಲು ಕಾಣಬೇಕೆಂದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು. (ಹುಬ್ಬಳ್ಳಿ-ಅಂಕೋಲಾ ರೈಲು ದಶಕಗಳಿಂದ ಬರೀ ಮಾತಿನಲ್ಲೇ ಓಡುತ್ತಿದೆ!) ಅಂಕೋಲಾದಿಂದ ದಕ್ಷಿಣಕ್ಕೆ ತಿರುಗಿದರೆ ಹೊನ್ನಾವರದಲ್ಲಿ ಶರಾವತಿ, ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ಉಡುಪಿ ಮುಟ್ಟಿದರೆ ಮಲ್ಪೆ ಕೂಗಳತೆಯಲ್ಲಿ.

ಮಲ್ಪೆಯ ಮರಳಿಗೆ ಕಾಲಿಟ್ಟ ಹುಡುಗರು ಮೊದಲು ನೋಡುವುದು ನೀರನ್ನಲ್ಲ, ಮುಗಿಲನ್ನು. ಬಣ್ಣದ ಪ್ಯಾರಾಚೂಟ್, ಅದರಡಿ ತೂಗುವ ಮನುಷ್ಯ, ಕೆಳಗೆ ಓಡುವ ದೋಣಿ. ಇದೇ ಪ್ಯಾರಾಸೇಲಿಂಗ್. ಕಾರಹುಣ್ಣಿಮೆಯ ಹೊತ್ತಿಗೆ ಗಾಳಿಪಟ ಹಾರಿಸಿದ ಹುಡುಗನಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹುಡುಗ ಓಡುತ್ತಾನೆ, ಇಲ್ಲಿ ದೋಣಿ ಓಡುತ್ತದೆ. ಹಾರುವವನ ಕೈಯಲ್ಲಿ ಮಾತ್ರ ಏನೂ ಇಲ್ಲ. ಏರುವುದೂ ಇಳಿಯುವುದೂ ದೋಣಿಯವನ ಕೈಯಲ್ಲಿ. ಆದ್ದರಿಂದ ಹೊಸಬರ ಜಾಗ್ರತೆಯೆಲ್ಲ ನೆಲ ಬಿಡುವ ಮೊದಲೇ ಮುಗಿಯಬೇಕು.

ಎಲ್ಲಕ್ಕಿಂತ ಮೊದಲು ಹಗ್ಗ. ಚಕ್ಕಡಿಗೆ ಮೇವು ಬಿಗಿಯುವ ರೈತ ಹಗ್ಗದ ಎಳೆ ಎದ್ದಿದೆಯೇ ಎಂದು ಕೈಯಾಡಿಸಿ ನೋಡುತ್ತಾನಲ್ಲ, ಅದೇ ಕಣ್ಣು ಇಲ್ಲಿಯೂ ಬೇಕು. ಬಿಸಿಲು, ಉಪ್ಪುನೀರು, ತಿಕ್ಕಾಟ ಮೂರೂ ಹಗ್ಗವನ್ನು ತಿನ್ನುತ್ತವೆ. ಗಂಟು ಬಿದ್ದ ಕಡೆ ಅದರ ಬಲ ಅರ್ಧದಷ್ಟು ಕುಗ್ಗಬಹುದು. 2021ರ ನವೆಂಬರಿನಲ್ಲಿ ದೀವ್‌ನ ನಾಗೋವಾ ಕಡಲತೀರದಲ್ಲಿ ಹಗ್ಗ ಹರಿದು ದಂಪತಿ ನೀರಿಗೆ ಬಿದ್ದರು. ಮೈಮೇಲೆ ಲೈಫ್ ಜಾಕೆಟ್ ಇತ್ತು, ಬದುಕಿದರು. ಊರ ಕೆರೆಯಲ್ಲಿ ಈಜು ಬಲ್ಲ ಹುಡುಗನಿಗೂ ಜಾಕೆಟ್ ತಪ್ಪದು. ಅದರ ಪಟ್ಟಿಗಳನ್ನು ತಂದೆ ತಾಯಿ ಎಳೆದು ನೋಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಎರಡನೆಯದು ಗಾಳಿ. ತೆರೆಗಳ ತುದಿ ಎಲ್ಲೆಡೆ ಬೆಳ್ಳಗೆ ನೊರೆಯಾಡುತ್ತಿದ್ದರೆ, ದಿಗಂತದಲ್ಲಿ ಕಾರ್ಮೋಡ ಎದ್ದಿದ್ದರೆ ಅಂದಿಗೆ ಆಟ ಬೇಡ. ಬಲವಾದ ಗಾಳಿಯಲ್ಲಿ ಹಗ್ಗದ ಮೇಲಿನ ಎಳೆತ ಏಕಾಏಕಿ ಏರುತ್ತದೆ. ಇಳಿದ ಮೇಲೂ ಪ್ಯಾರಾಚೂಟ್ ಮುದುಡದೆ ಮನುಷ್ಯನನ್ನು ನೀರಿನ ಮೇಲೆ ಎಳೆದೊಯ್ಯಬಹುದು. ಮಳೆಗಾಲದ ಕಡಲಂತೂ ಈ ಆಟಕ್ಕೆ ಸಲ್ಲದು.

ದೋಣಿಯವನಿಗೆ ಪರವಾನಗಿ ಇದೆಯೇ, ಚಾಲಕನಲ್ಲದೆ ಹಾರುವವನ ಮೇಲೆ ಕಣ್ಣಿಡಲು ಇನ್ನೊಬ್ಬನಿದ್ದಾನೆಯೇ, ನೀರಿಗೆ ಬಿದ್ದರೆ ಏನು ಮಾಡಬೇಕು ಎಂದು ಕೇಳಬೇಕು. ಕೇಳಿದ್ದಕ್ಕೆ ಸಿಡುಕುವವನ ದೋಣಿ ಹತ್ತದಿರುವುದೇ ಲೇಸು. ಹತ್ತು ಮಂದಿ ಸಾಲಿನಲ್ಲಿ ನಿಂತಿದ್ದಾರೆಂದು ಅವಸರಪಡಿಸುವವನದೂ ಅಷ್ಟೇ. ಬೆನ್ನುನೋವು, ಹೃದಯದ ತೊಂದರೆ ಇದ್ದವರು ದಡದಲ್ಲೇ ನಿಂತು ನೋಡಬಹುದು.

ಶಾಲಾ ಪ್ರವಾಸದಲ್ಲಿ ಈ ಪ್ರಶ್ನೆಗಳನ್ನು ಶಿಕ್ಷಕರೇ ಕೇಳಬೇಕಾಗುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅವರು ಹಾರಲು ಹೋಗಿರಲಿಲ್ಲ, ನೀರಿಗಷ್ಟೇ ಇಳಿದಿದ್ದರು.

ಗಾಳಿ ಒಪ್ಪದ ದಿನ ಮಲ್ಪೆಯಲ್ಲಿ ನೋಡಲು ಬೇರೇನಿಲ್ಲವೆಂದಲ್ಲ. ಬಂದರಿನಲ್ಲಿ ಮೀನು ಇಳಿಸುವ ದೋಣಿಗಳ ಸಾಲನ್ನು ನೋಡುತ್ತ ಒಂದು ತಾಸು ಕಳೆಯಬಹುದು. ಉಡುಪಿಯ ಕೃಷ್ಣಮಠವೂ ದೂರವಿಲ್ಲ.