ಹೆಜ್ಜೆಯ ಗುರುತು ಹಿಡಿದ ನೆಲ

ನ್ಯೂಯಾರ್ಕ್ ನಗರದ ಸಿರಿವಂತರ ಬೀದಿಯೆಂದು ಹೆಸರಾದ ಪಾರ್ಕ್ ಅವೆನ್ಯೂದಲ್ಲಿ, 66ನೆಯ ಮತ್ತು 67ನೆಯ ಅಡ್ಡರಸ್ತೆಗಳ ನಡುವೆ, ಕೆಂಪು ಇಟ್ಟಿಗೆಯ ಕೋಟೆಯಂತಹ ಕಟ್ಟಡವೊಂದು ನಿಂತಿದೆ. ‘ಏಳನೆಯ ರೆಜಿಮೆಂಟ್’ ಎಂಬ ಸೈನ್ಯದಳಕ್ಕಾಗಿ 1880ರ ಸುಮಾರಿಗೆ ಕಟ್ಟಿ ಮುಗಿಸಿದ ಆಯುಧಾಗಾರವಿದು. ದಳದಲ್ಲಿದ್ದವರು ಬಹುಮಟ್ಟಿಗೆ ಧನಿಕರ ಮಕ್ಕಳು. ಊರಿನವರು ಅವರನ್ನು ‘ರೇಷ್ಮೆ ಕಾಲುಚೀಲದ ದಳ’ವೆಂದು ಕರೆಯುತ್ತಿದ್ದರಂತೆ. ಮುಂಭಾಗದ ಕೊಠಡಿಗಳು ಅರಮನೆಯನ್ನು ನೆನಪಿಗೆ ತಂದರೆ, ಹಿಂಭಾಗದಲ್ಲಿ ಕವಾಯತಿಗಾಗಿ ಕಟ್ಟಿದ ಮಹಾಮಂಟಪವಿದೆ. ಅದರ ವಿಸ್ತಾರ 55,000 ಚದರ ಅಡಿ. ನಡುವೆ ಒಂದು ಕಂಬವೂ ಇಲ್ಲ. ಸೈನಿಕರ ಬೂಟುಗಳ ಸದ್ದಡಗಿದ ಮೇಲೆ ಈಗ ಅಲ್ಲಿ ನಾಟಕ, ಸಂಗೀತ, ಕಲಾಪ್ರದರ್ಶನಗಳು ನಡೆಯುತ್ತವೆ.

2017ರ ಜೂನ್ 7ರಿಂದ ಆಗಸ್ಟ್ 6ರವರೆಗೆ ಈ ಮಂಟಪದಲ್ಲಿ ನಡೆದ ಪ್ರದರ್ಶನವು ಬಹಳ ವಿಚಿತ್ರವಾದುದು. ಗೋಡೆಯ ಮೇಲೆ ಚಿತ್ರವಿರಲಿಲ್ಲ. ಪೀಠದ ಮೇಲೆ ವಿಗ್ರಹವಿರಲಿಲ್ಲ. ನೋಡಲು ಬಂದವರೇ ನೋಟದ ವಸ್ತುವಾದರು. ಇದನ್ನು ರೂಪಿಸಿದವರು ಚೀನಾದ ಕಲಾವಿದ ಐ ವೇವೇ ಮತ್ತು ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಜಾಕ್ ಹರ್ಜೋಗ್, ಪಿಯರ್ ದ ಮ್ಯೂರೋನ್. 2008ರ ಒಲಿಂಪಿಕ್ ಕ್ರೀಡೆಗಳಿಗಾಗಿ ಬೀಜಿಂಗಿನಲ್ಲಿ ಎದ್ದುನಿಂತ ‘ಹಕ್ಕಿಗೂಡು’ ಕ್ರೀಡಾಂಗಣದ ಕಲ್ಪನೆಯಲ್ಲಿಯೂ ಈ ಮೂವರ ಕೈಯಿತ್ತು.

ಪ್ರದರ್ಶನಕ್ಕೆ ಇಟ್ಟ ಹೆಸರು ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’. ಗ್ರಿಮ್ ಸೋದರರು 1812ರಲ್ಲಿ ಪ್ರಕಟಿಸಿದ ಈ ಜರ್ಮನ್ ಕಥೆಯನ್ನು ನಮ್ಮ ಮಕ್ಕಳೂ ಕೇಳಿದ್ದಾರೆ. ಹೆತ್ತವರು ಕಾಡಿನಲ್ಲಿ ಬಿಟ್ಟುಹೋದ ಅಣ್ಣ ತಂಗಿಯರು ಮೊದಲ ಸಲ ಬಿಳಿಯ ಹರಳುಗಳನ್ನು ಬೀಳಿಸುತ್ತ ಹೋಗಿ, ಅವುಗಳ ಗುರುತು ಹಿಡಿದು ಮನೆ ಸೇರಿದರು. ಎರಡನೆಯ ಸಲ ಬೀಳಿಸಿದ್ದು ರೊಟ್ಟಿಯ ಚೂರು. ಅದನ್ನು ಹಕ್ಕಿಗಳು ತಿಂದುಬಿಟ್ಟವು, ಮಕ್ಕಳು ದಾರಿ ತಪ್ಪಿದರು. ಇಂದಿನ ಮನುಷ್ಯನೂ ಕೈಯಲ್ಲಿ ಫೋನು ಹಿಡಿದು ಇಂತಹವೇ ಚೂರುಗಳನ್ನು ಉದುರಿಸುತ್ತ ನಡೆದಿದ್ದಾನೆ. ಆದರೆ ಇವನ್ನು ತಿಂದುಹಾಕುವ ಹಕ್ಕಿಗಳು ಎಲ್ಲಿವೆ?

ಪ್ರೇಕ್ಷಕರಿಗೆ ಪಾರ್ಕ್ ಅವೆನ್ಯೂ ಕಡೆಯ ಭವ್ಯದ್ವಾರದಿಂದ ಪ್ರವೇಶವಿರಲಿಲ್ಲ. ಹಿಂದಣ ಬಾಗಿಲಿನಿಂದ, ಗವಿಯಂತಹ ಕತ್ತಲೆಯ ಹಾದಿಯೊಂದನ್ನು ಹಾಯ್ದು ಅವರು ಮಂಟಪವನ್ನು ಸೇರಬೇಕಾಗಿತ್ತು. ಒಳಗೆ ಕಗ್ಗತ್ತಲೆ. ತಲೆಯ ಮೇಲೆ ಡ್ರೋನುಗಳ ಗುಂಯ್‌ಗುಟ್ಟುವ ಸದ್ದು. ಕಾಲು ತಡವರಿಸಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನೆಲದ ಮೇಲೆ ಬೆಳಕು ಮೂಡಿ, ನಡೆಯುವವನ ಸುತ್ತ ಕೆಂಪು ಗೆರೆಗಳ ಚೌಕವೊಂದು ಕಾಣಿಸಿಕೊಳ್ಳುವುದು. ಮಾಡಿನಲ್ಲಿ ಅಡಗಿದ್ದ ಕ್ಯಾಮೆರಾಗಳು ಕಣ್ಣಿಗೆ ಕಾಣದ ಅತಿರಕ್ತ ಕಿರಣಗಳ ನೆರವಿನಿಂದ ಕತ್ತಲೆಯಲ್ಲಿಯೂ ಚಿತ್ರ ಹಿಡಿಯುತ್ತಿದ್ದವು. ಮೇಲಿನಿಂದ ಕಂಡ ಅವನ ನಡುನೆತ್ತಿ, ಹೆಗಲು, ಚಾಚಿದ ಕೈ ಎಲ್ಲವೂ ಬೂದುಬಣ್ಣದ ಭೂತದಂತೆ ಅವನ ಕಾಲ ಬುಡದಲ್ಲಿಯೇ ಮೂಡುತ್ತಿದ್ದವು. ಅವನು ಮುಂದೆ ಸರಿದರೂ ಆ ಬಿಂಬ ಕೆಲಕಾಲ ಅಲ್ಲಿಯೇ ಉಳಿಯುತ್ತಿತ್ತು.

ಹೆದರಿಸುವುದಕ್ಕೆಂದು ಹೂಡಿದ ಈ ಹೂಟದಲ್ಲಿ ಜನ ಹೆದರಿದರೆ? ಅದೇ ಸ್ವಾರಸ್ಯದ ಸಂಗತಿ. ಮಕ್ಕಳು ಕೇಕೆ ಹಾಕಿ ಓಡಾಡಿದರು. ದೊಡ್ಡವರು ನೆಲದ ಮೇಲೆ ಅಂಗಾತ ಮಲಗಿ, ಕೈಕಾಲು ಹರಡಿ, ಮೇಲಿನ ಕಣ್ಣಿಗೆ ಬಗೆಬಗೆಯ ಭಂಗಿಗಳನ್ನು ಒಪ್ಪಿಸಿದರು. ಗೂಢಚಾರಿಕೆಯ ಕತ್ತಲಕೋಣೆ ಜಾತ್ರೆಯ ಕನ್ನಡಿಮನೆಯಾಗಿಹೋಯಿತು. ಕೃತಿಯ ತೀಕ್ಷ್ಣತೆ ಇದರಿಂದ ಕುಂದಿತೆಂದು ಕೆಲವು ವಿಮರ್ಶಕರು ಆಕ್ಷೇಪಿಸಿದರು. ಆದರೆ ಆ ನಗುವೇ ಕೃತಿಯ ಅತ್ಯಂತ ಕಳವಳಕಾರಿಯಾದ ಭಾಗವಾಗಿತ್ತೆಂದು ಹೇಳಬೇಕು.

ಏಕೆಂದರೆ ಐ ವೇವೇಗೆ ಈ ವಿಷಯ ಆಟದ್ದಾಗಿರಲಿಲ್ಲ. 2011ರ ಏಪ್ರಿಲ್ 3ರಂದು ಬೀಜಿಂಗಿನ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದೊಯ್ದ ಅಧಿಕಾರಿಗಳು 81 ದಿನ ಗುಟ್ಟಾದ ಸ್ಥಳವೊಂದರಲ್ಲಿ ಇಟ್ಟಿದ್ದರು. ಉಣ್ಣುವಾಗ, ಮಲಗುವಾಗ, ಶೌಚದಲ್ಲಿಯೂ ಇಬ್ಬರು ಕಾವಲುಗಾರರು ಪಕ್ಕದಲ್ಲಿ ನಿಂತು ಎವೆಯಿಕ್ಕದೆ ನೋಡುತ್ತಿದ್ದರು. ಬಿಡುಗಡೆಯಾಗಿ ಮನೆಗೆ ಬಂದರೆ ಸುತ್ತಲೂ ಪೊಲೀಸರ ಕ್ಯಾಮೆರಾಗಳು. ಅವುಗಳ ಕೆಳಗೆ ಅವರು ಕೆಂಪು ಲಾಂದ್ರಗಳನ್ನು ತೂಗುಹಾಕಿದರು! 2012ರಲ್ಲಿ, ‘ನೋಡುವುದಾದರೆ ಎಲ್ಲರೂ ನೋಡಲಿ’ ಎಂಬಂತೆ, ತಮ್ಮ ಮನೆಯೊಳಗೆ ತಾವೇ ನಾಲ್ಕು ಕ್ಯಾಮೆರಾಗಳನ್ನಿಟ್ಟು, ಮಲಗುವ ಮಂಚವನ್ನೂ ಅಂತರ್ಜಾಲದಲ್ಲಿ ಜಗತ್ತಿಗೆ ತೋರಿಸತೊಡಗಿದರು. 46 ಗಂಟೆಗಳಲ್ಲಿ ಸರ್ಕಾರದವರು ಅದನ್ನು ನಿಲ್ಲಿಸಿಬಿಟ್ಟರು. ಕದ್ದು ನೋಡುವವನಿಗೆ ಬಹಿರಂಗ ನೋಟ ಸಹಿಸದು. ಕಸಿದುಕೊಂಡಿದ್ದ ಪಾಸ್‌ಪೋರ್ಟ್ ಅವರ ಕೈಸೇರಿದ್ದು 2015ರ ಜುಲೈನಲ್ಲಿ.

ಮಂಟಪದಿಂದ ಹೊರಬಿದ್ದ ಪ್ರೇಕ್ಷಕರು ಕಟ್ಟಡವನ್ನು ಸುತ್ತಿಕೊಂಡು ಪಾರ್ಕ್ ಅವೆನ್ಯೂ ಕಡೆಯ ಬಾಗಿಲಿಗೆ ಬರುತ್ತಿದ್ದರು. ಅಲ್ಲಿನ ಪುರಾತನ ಕೊಠಡಿಗಳಲ್ಲಿ ಮೇಜುಗಳ ಮೇಲೆ ಸಾಲಾಗಿ ಐಪ್ಯಾಡುಗಳು. ಅವುಗಳ ಮುಂದೆ ಮುಖವೊಡ್ಡಿದರೆ ಯಂತ್ರವು ಆ ಮುಖವನ್ನು ಅಂಕೆಗಳ ಸಾಲಾಗಿ ಪರಿವರ್ತಿಸಿ, ಸ್ವಲ್ಪ ಹೊತ್ತಿಗೆ ಮುಂಚೆ ಕತ್ತಲೆಯಲ್ಲಿ ತೆಗೆದಿದ್ದ ಚಿತ್ರಗಳೊಡನೆ ಹೋಲಿಸಿ, ‘ಇವರು ನೀವೇ’ ಎಂದು ತೋರಿಸುತ್ತಿತ್ತು. ಯಾವಾಗ ತೆಗೆದರು, ಎಲ್ಲಿಂದ ತೆಗೆದರು ಎಂಬುದು ಮುಖದ ಒಡೆಯನಿಗೇ ತಿಳಿಯದು. ಇನ್ನು ಒಳಗೆ ಅಲೆಯುತ್ತಿದ್ದವರನ್ನು ಇಲ್ಲಿ ಕುಳಿತೇ ನೋಡುವ ಅನುಕೂಲವೂ ಇತ್ತು. ಬೇಟೆಗೆ ಸಿಕ್ಕವರು ಕ್ಷಣಾರ್ಧದಲ್ಲಿ ಬೇಟೆಗಾರರಾಗುತ್ತಿದ್ದರು. ಅದೇ ಪರದೆಗಳಲ್ಲಿ ಗೂಢಚರ್ಯೆಯ ಚರಿತ್ರೆಯನ್ನೂ ಓದಬಹುದಾಗಿತ್ತು. ಆದರೆ ಹೆಚ್ಚಿನವರ ಕಣ್ಣು ಹುಡುಕುತ್ತಿದ್ದುದು ತಮ್ಮ ಮುಖವನ್ನೇ. ಅದು ದೊರೆತೊಡನೆ ಜೇಬಿನಿಂದ ಫೋನು ಹೊರಬರುತ್ತಿತ್ತು. ಹಿಡಿದ ಚಿತ್ರದ ಮತ್ತೊಂದು ಚಿತ್ರವು, ಸ್ಥಳದ ಹೆಸರಿನೊಂದಿಗೆ, ಅಲ್ಲಿಂದಲೇ ಇನ್‌ಸ್ಟಾಗ್ರಾಮ್ ಸೇರುತ್ತಿತ್ತು.