ಸತ್ತವರಿಗೆ ಪಿಂಚಣಿ

ಫ್ರಾನ್ಸು ದೇಶದ ಕೂಲಿಕಾರರಿಗೂ ರೈತರಿಗೂ ಮುಪ್ಪಿನಲ್ಲಿ ಆಧಾರವಿರಲೆಂದು ಅಲ್ಲಿಯ ಶಾಸನಸಭೆಯು 1910ರಲ್ಲಿ ಒಂದು ಕಾನೂನನ್ನು ಮಾಡಿತು. ಕೂಲಿಯಲ್ಲಿ ಅಷ್ಟಿಷ್ಟು ಹಿಡಿದು, ಧಣಿಯ ಪಾಲನ್ನೂ ಕೂಡಿಸಿ, ಕೆಲಸಗಾರನಿಗೆ 65 ತುಂಬಿದಾಗ ಪಿಂಚಣಿ ಕೊಡತಕ್ಕದ್ದೆಂದು ಏರ್ಪಾಡು. ಇದನ್ನು ಕೇಳಿ ಮೊದಲು ಹಿಗ್ಗಬೇಕಾದವರು ಕಾರ್ಮಿಕರಲ್ಲವೆ? ಅವರ ಮಹಾಸಂಘವಾದ ಸಿ.ಜಿ.ಟಿ.ಯು ಹಿಗ್ಗಲಿಲ್ಲ, ಇದು ಸತ್ತವರಿಗೆ ಕೊಡುವ ಪಿಂಚಣಿಯೆಂದು ಹಳಿಯಿತು. ಗಿರಣಿ ಕಾರ್ಖಾನೆಗಳಲ್ಲಿ ಸವೆದ ದೇಹಗಳಲ್ಲಿ ಎಷ್ಟು ತಾನೆ 65ನ್ನು ಕಾಣುತ್ತಿದ್ದವು? 1912ರಲ್ಲಿ ಆ ವಯಸ್ಸನ್ನು 60ಕ್ಕೆ ಇಳಿಸಬೇಕಾಯಿತು.

ಎರಡನೆಯ ಮಹಾಯುದ್ಧವು ಮುಗಿದಾಗ ಕಾಲವು ತಿರುಗಿತು. ಅದೇ ಸಂಘದ ಆಂಬ್ರ್ವಾಜ್ ಕ್ರ್ವಾಜಾ ಎಂಬ ಲೋಹಕಾರ್ಮಿಕರು 1945ರ ನವೆಂಬರಿನಲ್ಲಿ ಕಾರ್ಮಿಕ ಮಂತ್ರಿಗಳಾಗಿ, ಸಾಮಾಜಿಕ ಭದ್ರತೆಯ ಕಟ್ಟಡವನ್ನು ಎತ್ತಿ ನಿಲ್ಲಿಸುವ ಹೊಣೆ ಹೊತ್ತರು. ಕೂಡಿಟ್ಟ ಗಂಟಿನಿಂದಲ್ಲ, ಇಂದು ದುಡಿಯುವವರ ವಂತಿಗೆಯಿಂದಲೇ ಇಂದಿನ ವೃದ್ಧರನ್ನು ಸಾಕುವುದು ಅಲ್ಲಿಯ ಕ್ರಮ. ಒಟ್ಟು ಕುಟುಂಬದ ನ್ಯಾಯವೇ ಇದು. ದುಡಿಯುವ ಕೈಗಳು ಹೆಚ್ಚಾಗಿರುವ ತನಕ ಸಂಸಾರವು ಸರಾಗ. 1960ರ ಸುಮಾರಿಗೆ ಒಬ್ಬ ಪಿಂಚಣಿದಾರನಿಗೆ ವಂತಿಗೆ ತೆರುವವರು ನಾಲ್ವರಿದ್ದರು. 2020ರ ಹೊತ್ತಿಗೆ ಇಬ್ಬರೂ ಉಳಿಯಲಿಲ್ಲ, ಲೆಕ್ಕವು 1.7ಕ್ಕೆ ಬಂದಿತ್ತು.

ಈ ಲೆಕ್ಕವನ್ನು ಬೈದು ಫಲವಿಲ್ಲ. ಸಂಘಗಳ ಭಾಷಣಗಳಲ್ಲಿ ಇದರ ಮಾತು ಬಂದಾಗಲೆಲ್ಲ ದನಿ ತಗ್ಗುವುದೂ ಉಂಟು. ಆದರೆ ಸರಕಾರದ ಲೆಕ್ಕದಲ್ಲಿಯೂ ಒಂದು ಕಲಂ ಬಿಟ್ಟುಹೋಗಿದೆ. 2012ರಿಂದ 2016ರವರೆಗಿನ ಗಣತಿಯಂತೆ, ಆ ದೇಶದ ಗಂಡಸರಲ್ಲಿ ಅತಿ ಶ್ರೀಮಂತರಾದ ನೂರಕ್ಕೆ ಐವರು, ಅತಿ ಬಡವರಾದ ನೂರಕ್ಕೆ ಐವರಿಗಿಂತ 13 ವರ್ಷ ಹೆಚ್ಚು ಬಾಳುವರು. ಗುಮಾಸ್ತನಿಗೂ ಗಾರೆಯವನಿಗೂ ಒಂದೇ ವಯಸ್ಸಿನ ಗೆರೆ ಎಳೆದರೆ ಅದು ಸಮಾನತೆಯೆ? ದೇಹವನ್ನು ಹಣ್ಣುಮಾಡುವ ಕೆಲಸಗಳಿಗೆ ಬೇಗ ಬಿಡುಗಡೆ ಕೊಡುವ ಪಟ್ಟಿಯೊಂದು ಅಲ್ಲಿದ್ದಿತು. 2017ರಲ್ಲಿ ಭಾರ ಹೊರುವುದು, ಮೈ ಬಗ್ಗಿಸಿ ದುಡಿಯುವುದು, ಯಂತ್ರದ ಅದುರಾಟ, ರಾಸಾಯನಿಕಗಳ ಸೋಂಕು, ಈ ನಾಲ್ಕನ್ನೂ ಅದರಿಂದ ತೆಗೆದುಹಾಕಿದರು. ಗಾರೆಯವನಿಗೆ ಉಳಿದುದೇನು?

1982ರಲ್ಲಿ ಮತ್ತೆ 60ಕ್ಕೆ ಇಳಿದು, 2010ರ ಕಾನೂನಿನಿಂದ 62ಕ್ಕೆ ಏರಿದ್ದ ವಯಸ್ಸನ್ನು 2023ರಲ್ಲಿ 64 ಮಾಡಹೊರಟಾಗ, ಸದಾ ತಮ್ಮತಮ್ಮಲ್ಲೇ ಕಾದಾಡುವ ಎಂಟು ಸಂಘಗಳು ಒಂದಾದುದು ಸುಮ್ಮನೆ ಅಲ್ಲ. ಮಾರ್ಚಿ 7ರಂದು ಸರಕಾರದ ಎಣಿಕೆಯಂತೆಯೇ 12 ಲಕ್ಷಕ್ಕೆ ಮೀರಿದ ಜನ ಬೀದಿಗಿಳಿದರು. ಮಂತ್ರಿಮಂಡಲವು ರಾಜ್ಯಾಂಗದ 49ನೆಯ ವಿಧಿಯನ್ನು ಹಿಡಿದು, ಕೆಳಮನೆಯ ಮತವನ್ನೇ ಕೇಳದೆ ಕಾನೂನನ್ನು ದಾಟಿಸಿತು. ಅವಿಶ್ವಾಸದ ಗೊತ್ತುವಳಿಯು ಒಂಬತ್ತು ಮತ ಸಾಲದೆ ಬಿದ್ದುಹೋಯಿತು. 2025ರ ಅಕ್ಟೋಬರಿನಲ್ಲಿ ಬೇರೊಬ್ಬ ಪ್ರಧಾನಿ, 2027ರ ಅಧ್ಯಕ್ಷ ಚುನಾವಣೆಯವರೆಗೆ ಅದನ್ನು ತಡೆಹಿಡಿಯುವುದಾಗಿ ಸಾರಿದರು.