ಆಲೂರು ಗುಡ್ಡದ ಫ್ಯಾನ್‌ಗಳ ಲೆಕ್ಕ

ಬೆಂಗಳೂರಿನಿಂದ ವೀಕೆಂಡ್‌ಗೆ ಸಕಲೇಶಪುರಕ್ಕೆ ಹೊರಟವರಿಗೆ ಆಲೂರಿನ ಆಸುಪಾಸಿನಲ್ಲಿ ಗುಡ್ಡಗಳ ನೆತ್ತಿ ಮೇಲೆ ಬಿಳಿ ವಿಂಡ್‌ಮಿಲ್‌ಗಳು ಕಾಣಿಸುತ್ತವೆ. ಕಾರಲ್ಲಿ ಒಬ್ಬರಾದರೂ ಕೇಳೇ ಕೇಳ್ತಾರೆ: "ಇಷ್ಟು ನಿಧಾನ ತಿರುಗಿದ್ರೆ ಕರೆಂಟ್ ಎಲ್ಲಿಂದ ಬರುತ್ತೆ?" ನಾನು ಕೋಡ್ ಬರೆಯೋನು. ಆದರೂ ಈ ಪ್ರಶ್ನೆ ನನ್ನನ್ನ ಬಿಡಲಿಲ್ಲ.

ನಿಧಾನ ಅನ್ನೋದು ನಮ್ಮ ಕಣ್ಣಿನ ಮೋಸ. 40 ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ 15 ಸುತ್ತು ಹೊಡೆದರೂ ಅದರ ತುದಿ ಗಂಟೆಗೆ 220 ಕಿಲೋಮೀಟರ್‌ಗಿಂತ ಜೋರಾಗಿ ಓಡುತ್ತಿರುತ್ತೆ. ಅದಕ್ಕೇ ಮೂರು ರೆಕ್ಕೆ ಸಾಕು. ನಾಲ್ಕು, ಐದು ಹಾಕಿದರೆ ತೂಕ, ಖರ್ಚು ಏರುತ್ತೆ, ವಿದ್ಯುತ್ ಅಷ್ಟಾಗಿ ಏರೋದಿಲ್ಲ.

ಗುಡ್ಡದ ಮೇಲೇ ಯಾಕೆ? ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಹತ್ತಿದವರಿಗೆ ಉತ್ತರ ಗೊತ್ತು. ಕೆಳಗೆ ತಣ್ಣಗೆ ಬೀಸೋ ಗಾಳಿ ಮೇಲೆ ಟೋಪಿ ಹಾರಿಸುತ್ತೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟು! ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 9ರಷ್ಟು ತೆಳುವಾಗಿರುತ್ತೆ. ಆ ನಷ್ಟವನ್ನು ವೇಗ ತುಂಬಿಕೊಡಬಲ್ಲದು.

ಹಾಗಂತ ಬಂದ ಗಾಳಿಯನ್ನೆಲ್ಲ ಹಿಡಿಯೋಕಾಗಲ್ಲ. ಪೂರ್ತಿ ತಡೆದರೆ ಆ ಗಾಳಿ ಅಲ್ಲೇ ನಿಂತುಬಿಡುತ್ತೆ, ಹಿಂದಿನಿಂದ ಬರೋ ಗಾಳಿಗೆ ದಾರಿಯೇ ಇರಲ್ಲ. ಸ್ವಲ್ಪ ಹಿಡಿದು, ಉಳಿದದ್ದನ್ನು ಬಿಟ್ಟುಕೊಡಬೇಕು. ಎಂಥ ಡಿಸೈನ್ ಮಾಡಿದರೂ ಶೇ 59.3 ದಾಟೋಕಾಗಲ್ಲ ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ.

ಹೆಚ್ಚು ಕರೆಂಟ್ ಬೇಕಾದರೆ ಸುಲಭದ ದಾರಿ, ರೆಕ್ಕೆ ಉದ್ದ ಮಾಡೋದು. 40 ಮೀಟರ್ ಇದ್ದದ್ದನ್ನು 50 ಮಾಡಿದರೆ ಗಾಳಿ ಹಿಡಿಯುವ ವೃತ್ತ ಒಂದೂವರೆ ಪಟ್ಟಿಗೂ ಜಾಸ್ತಿಯಾಗುತ್ತೆ. ಅಂದರೆ ಅಷ್ಟೇ ವಿದ್ಯುತ್ತಿಗೆ ಕಡಿಮೆ ಕಂಬ ಸಾಕು.

ಈ ಗುಡ್ಡಗಳಿಗೆ ಮುಖ್ಯವಾದ ಮಾತು ಇಲ್ಲೇ ಇರೋದು. ಒಂದೊಂದು ಕಂಬಕ್ಕೂ ನೆತ್ತಿಯವರೆಗೆ ರಸ್ತೆ ಬೇಕು, ಕ್ರೇನ್ ನಿಲ್ಲಲು ಸಮತಟ್ಟು ಜಾಗ ಬೇಕು. ಇದು ಕಾಫಿ ತೋಟಕ್ಕೆ ಆನೆ ಇಳಿಯುವ ಸೀಮೆ. ಮಳೆಗಾಲದಲ್ಲಿ ಅಗೆದ ಮಣ್ಣು ಜಾರುವ ಸೀಮೆ ಕೂಡ. ಕಂಬ ಕಡಿಮೆಯಾದರೆ ಗುಡ್ಡ ಉಳೀತು ಅನ್ನಬಹುದು. ಆದರೆ 50 ಮೀಟರಿನ ರೆಕ್ಕೆಯನ್ನು ಸಾಮಾನ್ಯವಾಗಿ ಒಂದೇ ತುಂಡಾಗಿ ಸಾಗಿಸಬೇಕು, ಅದು ತಿರುವಿನಲ್ಲಿ ತಿರುಗಬೇಕಾದರೆ ರಸ್ತೆಯನ್ನು ಇನ್ನಷ್ಟು ಅಗಲ ಮಾಡಬೇಕು. ಗಾಳಿಯ ಲೆಕ್ಕ ಕಂಪ್ಯೂಟರಲ್ಲಿ ಮುಗಿಯುತ್ತೆ, ಗುಡ್ಡದ ಲೆಕ್ಕ ಅಲ್ಲಿ ಮುಗಿಯಲ್ಲ. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಅನ್ನೋದನ್ನು ಇಲ್ಲಿ ನಾವೇ ಕೂತು ತೀರ್ಮಾನಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಜೋರು. ಹೋದಾಗ ಗಮನಿಸಿ, ಬುಡದಿಂದ ತುದಿಯವರೆಗೆ ರೆಕ್ಕೆ ಸ್ವಲ್ಪ ತಿರುಚಿರುತ್ತೆ. ಬುಡಕ್ಕಿಂತ ತುದಿಯ ಓಟ ಜೋರಾದ್ದರಿಂದ ಎರಡೂ ಕಡೆ ಗಾಳಿಯನ್ನು ಸರಿಯಾದ ಕೋನದಲ್ಲಿ ಎದುರಿಸಲೆಂದೇ ಹಾಗೆ ಮಾಡಿರೋದು. ಸೆಲ್ಫಿ ಆಮೇಲೆ ತೆಗೀಬಹುದು.